ಕಥಾನಾಯಕನು ಪೂಜೆಗೋ, ವಿಚಾರಣೆಗೋ?

ಕಾವ್ಯದ ನಾಯಕನು ಸಕಲಗುಣಸಂಪನ್ನನು, ಓದುಗನು ಅವನಿಗೆ ಕೈಮುಗಿದರೆ ಸಾಕು ಎಂದು ಬೋಧಿಸುವ ಪಂಡಿತರು ನಮ್ಮಲ್ಲಿ ವಿರಳರಲ್ಲ. ಈ ಮತವು ಕಾವ್ಯಕ್ಕೂ ದ್ರೋಹ, ಜನತೆಗೂ ದ್ರೋಹ!

ಪಂಪನನ್ನೇ ಸಾಕ್ಷಿಗೆ ಕರೆಯೋಣ. ಕ್ರಿ. ಶ. ೯೪೧ರ ಸುಮಾರಿಗೆ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ ಈ ಕವಿಯು, ತನ್ನ ಒಡೆಯನಾದ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ನಾಯಕನನ್ನಾಗಿಸಿದನು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿಸಿದನು. ಆದರೂ ಕರ್ಣನು ಮಡಿದಾಗ, ಭಾರತದಲ್ಲಿ ನೆನೆಯತಕ್ಕವನು ಕರ್ಣನೇ ಎಂದು ಸಾರಲು ಹಿಂಜರಿಯಲಿಲ್ಲ. ಒಡೆಯನ ಅನ್ನವು ಕವಿಯ ನಾಲಗೆಯನ್ನು ಕಟ್ಟಲಿಲ್ಲ!

ಹಾಗಾದರೆ ಕರ್ಣನು ನಿರ್ದೋಷಿಯೇ? ಅವನು ಅಧರ್ಮದ ಪಕ್ಷದಲ್ಲಿ ನಿಂತವನು. ಆದರೆ ಕೃಷ್ಣನು ಜನ್ಮರಹಸ್ಯವನ್ನು ತಿಳುಹಿ ರಾಜ್ಯದ ಆಸೆಯನ್ನೊಡ್ಡಿದಾಗಲೂ ನಂಬಿದ ದುರ್ಯೋಧನನನ್ನು ಕೈಬಿಡಲಿಲ್ಲ. ಆ ನಿಷ್ಠೆಯನ್ನು ಮೆಚ್ಚಬೇಕು. ಆ ಪಕ್ಷವನ್ನು ಖಂಡಿಸಬೇಕು. ಓದುಗನನ್ನು ಈ ಧರ್ಮಸಂಕಟದಲ್ಲಿ ನಿಲ್ಲಿಸಿ ಅವನ ವಿವೇಕವನ್ನು ಹರಿತಗೊಳಿಸುವುದೇ ನಾಯಕನ ಪ್ರಯೋಜನ.

ಉಪಾಧ್ಯಾಯ ಮಹಾಶಯರೇ, ನಾಯಕನ ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಡಿರಿ. ಅವನ ನಡತೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು ಅವರಿಂದಲೇ ತೀರ್ಪನ್ನು ಕೇಳಿರಿ. ಪೂಜೆಯನ್ನಷ್ಟೇ ಕಲಿತ ಜನತೆಯು ನಾಳೆ ಯಾರು ಪೀಠವೇರಿದರೂ ಅವರನ್ನು ಪೂಜಿಸುವುದು. ಅಂಥ ಜನತೆಯ ಸ್ವಾತಂತ್ರ್ಯಕ್ಕೆ ಕಾವಲುಗಾರರಾರು?