ಮುಕ್ತ ತಂತ್ರಾಂಶ: ಕಲಿಯುವವರಿದ್ದಾರೆ, ಕಲಿಸುವವರೆಲ್ಲಿ?

ಮಂಡಿಗೆ ಹೊಸದಾಗಿ ಸೇರಿದ ಗುಮಾಸ್ತನ ಕೈಗೆ ಯಾವ ವರ್ತಕನೂ ಮೊದಲ ದಿನವೇ ನಗದು ಪೆಟ್ಟಿಗೆಯನ್ನು ಒಪ್ಪಿಸುವುದಿಲ್ಲ. ಮೊದಲು ತೂಕದ ಚೀಟಿ, ಬಳಿಕ ಕಿರ್ದಿ, ಅನಂತರ ಖಾತೆ. ನಂಬಿಕೆ ಬಲಿತ ಮೇಲಷ್ಟೇ ನಗದು. ಮಂಡ್ಯದ ಬೆಲ್ಲದ ಮಾರುಕಟ್ಟೆಯಿರಲಿ, ಮದ್ದೂರಿನ ಎಳನೀರಿನ ವಹಿವಾಟಿರಲಿ, ಮಳವಳ್ಳಿಯ ಅಕ್ಕಿ ಗಿರಣಿಯಿರಲಿ, ಎಲ್ಲೆಡೆಯೂ ಇದೇ ಪದ್ಧತಿ. ಈ ಪಾಠವು ವರ್ತಕರ ಲೆಕ್ಕಪತ್ರಗಳು ನಿಂತಿರುವ ತಂತ್ರಾಂಶಕ್ಕೂ ಅನ್ವಯಿಸುತ್ತದೆಂಬುದು ಇನ್ನೂ ಅನೇಕರ ಗಮನಕ್ಕೆ ಬಂದಿಲ್ಲ.

ಮುಂಬಯಿಯ ಫ್ರಾಪೆ ಸಂಸ್ಥೆಯಿಂದ ಬಂದ ಇಆರ್‌ಪಿನೆಕ್ಸ್ಟ್, ಲೆಕ್ಕಪತ್ರಗಳಿಗೆಂದೇ ರೂಪಿಸಲಾದ ಗ್ನುಖಾತಾ ಮುಂತಾದವು ಮುಕ್ತ ತಂತ್ರಾಂಶಗಳು. ಇವಕ್ಕೆ ಪರವಾನಗಿ ಶುಲ್ಕವಿಲ್ಲ. ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಶುಲ್ಕವಿಲ್ಲ ಎಂದ ಮಾತ್ರಕ್ಕೆ ವೆಚ್ಚವಿಲ್ಲವೆಂದಲ್ಲ. ಕಾನೂನು ಬದಲಾದಂತೆಲ್ಲ ತಂತ್ರಾಂಶವೂ ಬದಲಾಗಬೇಕು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂತು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಹೆಸರು ಚೀಟಿ ಅಂಟಿಸಿದ ಬೆಲ್ಲಕ್ಕೆ ಶೇ. 5ರ ತೆರಿಗೆ ಬಿದ್ದಿತು. ಯಾವ ನಮೂದು ಎಂದು ಬದಲಾಯಿತೆಂಬ ಜಾಡನ್ನು ಅಳಿಸಲಾಗದಂತೆ ಕಾಯ್ದಿಡುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಕಡ್ಡಾಯವಾಯಿತು. ದರದ ಬದಲಾವಣೆಯನ್ನು ಬಳಕೆದಾರನೇ ಮಾಡಿಕೊಳ್ಳಬಹುದು. ಕೊನೆಯದರಂತಹ ನಿಯಮಕ್ಕೆ ತಂತ್ರಾಂಶದ ಒಡಲನ್ನೇ ತಿದ್ದಬೇಕು. ಅನೇಕ ಮುಕ್ತ ತಂತ್ರಾಂಶಗಳಲ್ಲಿ ಇಂತಹ ಕೆಲಸದ ಒಂದು ಪಾಲು ಸ್ವಯಂಸೇವಕರ ಮೇಲೆ ಬೀಳುತ್ತದೆ.

ಒಂಟಿ ಕೈಯ ಅಪಾಯ

ಸ್ವಯಂಸೇವಕರು ಸಾಲದಿದ್ದರೆ ಏನಾಗುತ್ತದೆಂಬುದಕ್ಕೆ 2024ರ ಮಾರ್ಚಿಯಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣವೇ ಸಾಕ್ಷಿ. ಲಿನಕ್ಸ್ ಗಣಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ, ಕಡತಗಳನ್ನು ಕುಗ್ಗಿಸುವ ಈ ತಂತ್ರಾಂಶವನ್ನು ಬಹುಕಾಲ ಒಬ್ಬನೇ ಸ್ವಯಂಸೇವಕ ನೋಡಿಕೊಳ್ಳುತ್ತಿದ್ದ. ಜಿಯಾ ತಾನ್ ಎಂಬ ಹೆಸರಿನಲ್ಲಿ ಬಂದ ಹೊಸಬನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ ನಂಬಿಕೆ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇರಿಸಿದ. ಗಣಕದ ಪ್ರವೇಶ ಅರೆಕ್ಷಣ ತಡವಾಗುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕಾರಣವನ್ನು ಹುಡುಕಿ ಹೊರಟಿದ್ದರಿಂದ, ಅದು ಎಲ್ಲೆಡೆ ಹರಡುವ ಮುನ್ನವೇ ಪತ್ತೆಯಾಯಿತು.

ಇದರಿಂದ ಹೊಸಬರನ್ನು ದೂರವಿಡಬೇಕೆಂಬ ತೀರ್ಮಾನಕ್ಕೆ ಬರುವುದು ತಪ್ಪು. ಬಳಲಿದ ಒಬ್ಬನೇ ಯಜಮಾನ, ಪರಿಶೀಲಿಸುವ ಎರಡನೆಯ ಕಣ್ಣೇ ಇಲ್ಲದ ವ್ಯವಸ್ಥೆ, ಇವೇ ಆ ಮೋಸಕ್ಕೆ ದಾರಿ ಮಾಡಿಕೊಟ್ಟವು. ಚೆಕ್ಕಿಗೆ ಎರಡು ಸಹಿ ಬೇಕೆಂದು ವಿಧಿಸುವ ಸಂಸ್ಥೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಲವರು ಇರಬೇಕು, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಬೇಕು.

ಕೊರತೆ ಎಲ್ಲಿದೆ?

ಕಲಿಯುವ ಯುವಕರಿಗೆ ಜಿಲ್ಲೆಯಲ್ಲಿ ಕೊರತೆಯಿಲ್ಲ. 1962ರಲ್ಲಿ ಆರಂಭವಾದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಇದೆ. ಮದ್ದೂರು, ಮಳವಳ್ಳಿಗಳ ಪದವಿ ಕಾಲೇಜುಗಳಲ್ಲಿ ವಾಣಿಜ್ಯ ವಿದ್ಯಾರ್ಥಿಗಳಿದ್ದಾರೆ. ರಾಜ್ಯದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸಂಸ್ಥೆಯು ವಿದ್ಯಾರ್ಥಿಗಳಿಗಾಗಿ ಶಿಬಿರಗಳನ್ನು ನಡೆಸಿದೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಶಿಬಿರ ಮುಗಿದ ಮರುವಾರದ ಪ್ರಶ್ನೆಯೇ ನಿಜವಾದ ಪ್ರಶ್ನೆ: ಹೊಸಬನು ಕಳುಹಿಸಿದ ಮೊದಲ ತಿದ್ದುಪಡಿಯನ್ನು ಓದಿ, ತಪ್ಪು ತೋರಿಸಿ, ಉತ್ತರ ಬರೆಯುವವರು ಯಾರು? ಅರ್ಧ ಗಂಟೆಯಲ್ಲಿ ತಾನೇ ಮಾಡಿ ಮುಗಿಸಬಹುದಾದ ಕೆಲಸವನ್ನು ಕಲಿಸಲು ಅನುಭವಿಗೆ ಅರ್ಧ ದಿನ ಬೇಕು. ಉತ್ತರ ಬಾರದಿದ್ದರೆ ಹೊಸಬನು ಎರಡನೆಯ ಬಾರಿ ಬರುವುದು ಅಪರೂಪ. ಆದ್ದರಿಂದ ಕೊರತೆಯಿರುವುದು ಉತ್ಸಾಹದಲ್ಲಲ್ಲ, ಕಲಿಸುವವರ ಸಮಯದಲ್ಲಿ.

ಗೂಗಲ್ ಸಂಸ್ಥೆಯು 2005ರಿಂದ ನಡೆಸುತ್ತಿರುವ ಬೇಸಿಗೆ ಯೋಜನೆಯು ಈ ಕಾರಣದಿಂದಲೇ ಕಲಿಯುವವನಿಗೆ ಮಾರ್ಗದರ್ಶಕರನ್ನು ಗೊತ್ತುಪಡಿಸುತ್ತದೆ, ಕಲಿಕೆಯ ಅವಧಿಗೆ ಭತ್ಯೆಯನ್ನೂ ನೀಡುತ್ತದೆ. ಲೆಕ್ಕಪರಿಶೋಧನಾ ವೃತ್ತಿಯಲ್ಲಿ ಇದು ಹಳೆಯ ಮಾತು. 2023ರಲ್ಲಿ ತರಬೇತಿಯ ಅವಧಿ ಮೂರರಿಂದ ಎರಡು ವರ್ಷಕ್ಕೆ ಇಳಿದರೂ, ಹಿರಿಯನ ಕಣ್ಣಳತೆಯಲ್ಲಿ ವೋಚರ್‌ಗಳನ್ನು ನೋಡುತ್ತಲೇ ಕಲಿಯಬೇಕೆಂಬ ಕ್ರಮ ಬದಲಾಗಿಲ್ಲ. ಅಲ್ಲಿ ಕಲಿಸುವುದು ಉಪಕಾರವಲ್ಲ, ವೃತ್ತಿಧರ್ಮ.

ವರ್ತಕರಿಂದ ಆಗಬಹುದಾದದ್ದು

ವಾಣಿಜ್ಯ ಸಂಸ್ಥೆಗಳು ಮೂರು ಬಗೆಯಲ್ಲಿ ನೆರವಾಗಬಹುದು. ಮೊದಲನೆಯದು, ನಿಜವಾದ ಕೆಲಸ ಕೊಡುವುದು. ಹೆಸರುಗಳನ್ನು ತೆಗೆದ ಬೆಲ್ಲದ ಪಟ್ಟಿ, ಅದರಲ್ಲಿನ ಕಮಿಷನ್, ಹಮಾಲಿ ಕಡಿತಗಳು, ಎಣಿಕೆಯ ಮೇಲೆ ನಡೆಯುವ ಎಳನೀರಿನ ಲೆಕ್ಕ, ಕನ್ನಡದಲ್ಲಿಯೇ ಮುದ್ರಿತವಾಗಬೇಕಾದ ಬಿಲ್ಲು, ಇವೆಲ್ಲ ಹೊಸಬರಿಗೆ ತಕ್ಕ ಮೊದಲ ಪಾಠಗಳು. ಜಮೆ, ಖರ್ಚು, ಬಾಕಿ ಎಂಬ ರೂಢಿಯ ಪದಗಳನ್ನು ತಂತ್ರಾಂಶಕ್ಕೆ ಸೇರಿಸಲು ಸಂಕೇತ ಬರೆಯಬಲ್ಲವನೇ ಆಗಬೇಕೆಂದಿಲ್ಲ. ವಾಣಿಜ್ಯ ಪದವಿಯ ವಿದ್ಯಾರ್ಥಿಯೂ ಮಾಡಬಲ್ಲ. ಎರಡನೆಯದು, ಹಣ. ಕಲಿಯುವವನಿಗೆ ಒಂದು ಅವಧಿಯ ಭತ್ಯೆ ಕೊಡುವಾಗ, ಕಲಿಸುವವನ ಗೌರವಧನವನ್ನು ಮರೆಯಬಾರದು. ಮೂರನೆಯದು, ಸಿದ್ಧವಾದುದನ್ನು ತಮ್ಮ ಗುಮಾಸ್ತರಿಂದ ಪರೀಕ್ಷಿಸಿ, ದೋಷಗಳನ್ನು ಬರೆದು ತಿಳಿಸುವುದು.

ತರಬೇತಾದ ಹುಡುಗರು ಬೆಂಗಳೂರಿಗೆ ಹೋಗಿಬಿಡುವರೆಂಬ ಆಕ್ಷೇಪ ಸಹಜ. ನೂರು ಕಿಲೋಮೀಟರಿನ ದಾರಿ, ಹೋಗಿಯೇ ಹೋಗುತ್ತಾರೆ. ಗುಮಾಸ್ತನು ಅಂಗಡಿ ಬಿಟ್ಟರೆ ಅವನೊಂದಿಗೆ ಅವನ ತಿಳಿವಳಿಕೆಯೂ ಹೋಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ: ಮಾಡಿದ ತಿದ್ದುಪಡಿ ಎಲ್ಲರ ಸೊತ್ತಾಗಿ ಉಳಿಯುತ್ತದೆ, ಮನಸ್ಸಿದ್ದವನು ಬೆಂಗಳೂರಿನಿಂದಲೇ ಮುಂದುವರಿಸಬಹುದು.

ನಾಳೆಯೇ ಎಲ್ಲರೂ ತಮ್ಮ ಈಗಿನ ತಂತ್ರಾಂಶವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಆದರೆ ಬಳಸುತ್ತಿರುವವರು, ಬಳಸಲು ಬಯಸುವವರು ಒಂದನ್ನು ನೆನಪಿಡಬೇಕು. ನಾಲೆಯ ನೀರು ಹರಿದುಬಂದರೂ ಅದನ್ನು ಗದ್ದೆಗೆ ತಿರುಗಿಸಲು ನೀರುಗಂಟಿ ಬೇಕೆಂಬುದು ಕಬ್ಬು ಭತ್ತಗಳ ಈ ಸೀಮೆಗೆ ಗೊತ್ತಿರುವ ಸಂಗತಿ. ಬೆಲೆಯಿಲ್ಲದೆ ಸಿಕ್ಕ ತಂತ್ರಾಂಶಕ್ಕೂ ಅಂಥವರು ಬೇಕು. ಅವರನ್ನು ತಯಾರು ಮಾಡುವ ವೆಚ್ಚದಲ್ಲಿ ವರ್ತಕ ಸಮುದಾಯವು ತನ್ನ ಪಾಲನ್ನು ಈಗಲೇ ವಹಿಸಿಕೊಳ್ಳುವುದು ಲೇಸು.