ಕ್ಲೀನರ್ ಸೈಡಿನ ಕನ್ನಡಿ

ಪುಣೆಯ ನಾನಾ ಪೇಠೆಯಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ ಪಿಕಪ್ಪಿಗೆ ಕನ್ನಡಿ ಬೇಕು ಎಂದರೆ, ಎಡದ್ದೋ ಬಲದ್ದೋ ಎಂದು ಕೇಳುವುದಿಲ್ಲ. ‘ಡ್ರೈವರ್ ಸೈಡ್ ಕೀ ಕ್ಲೀನರ್ ಸೈಡ್?’ ಎನ್ನುತ್ತಾರೆ. ಹಾಗೆ ಕೇಳುವುದರಲ್ಲಿ ಜಾಣತನವಿದೆ. ಗಾಡಿಯೊಳಗೆ ಕೂತವನ ಎಡ, ಬಾನೆಟ್ಟಿನ ಎದುರು ನಿಂತವನಿಗೆ ಬಲವಾಗುತ್ತದೆ. ಡ್ರೈವರ್ ಕೂರುವ ಜಾಗ ಮಾತ್ರ ಎಲ್ಲಿಂದ ನೋಡಿದರೂ ಅದೇ. ಭಾಷಾಶಾಸ್ತ್ರ ಓದಿದ ನನ್ನಂಥವಳಿಗೆ ಇದು ಖುಷಿಯ ಸಂಗತಿ. ಆದರೆ ಆ ದಿನ ನಾನು ಹೋಗಿದ್ದು ನಮ್ಮ ಕಾಕಾರ ಗಾಡಿಗೆ ಕನ್ನಡಿ ತರಲು. ಅವರ ಗಾಡಿಯಲ್ಲಿ ಕ್ಲೀನರ್ ಇಲ್ಲದೆ ಹನ್ನೊಂದು ವರ್ಷವಾಗಿದೆ.

ಕ್ಲೀನರ್ ಎಂಬ ಹೆಸರು ಆತನ ಕೆಲಸವನ್ನು ಪೂರ್ತಿ ಹೇಳುವುದಿಲ್ಲ. ಗಾಡಿ ಒರೆಸುವುದಕ್ಕಿಂತ ದೊಡ್ಡ ಕೆಲಸ ಎಡಗಡೆ ನೋಡುವುದು. ಕಿಟಕಿಯಿಂದ ತಲೆ ಹೊರಹಾಕಿ ಸೈಕಲ್ಲಿನವನನ್ನು ಕೂಗಿ ಸರಿಸುವುದು, ರಿವರ್ಸ್ ತೆಗೆಯುವಾಗ ಇಳಿದು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವುದು, ಗೋಡೆ ಗೇಣು ದೂರ ಇದ್ದಾಗ ಬಾಡಿಗೆ ಎರಡು ಏಟು ಬಡಿಯುವುದು. ಆತ ಇದ್ದಾಗ ಎಡಗಡೆಯ ಕನ್ನಡಿ ಒಡೆದಿದ್ದರೂ ನಡೆಯುತ್ತಿತ್ತು. ಲಾರಿಗಳಲ್ಲಿ ಈಗಲೂ ಅಲ್ಲಲ್ಲಿ ಇದ್ದಾನೆ. ಹಳೆಯ ಪಿಕಪ್ಪುಗಳಲ್ಲಿ ಮಾಲೀಕನೇ ಡ್ರೈವರ್, ಡ್ರೈವರೇ ಹಮಾಲ. ಇನ್ನೊಬ್ಬನಿಗೆ ಪಗಾರ ಕೊಟ್ಟರೆ ಬಾಡಿಗೆಯಲ್ಲಿ ಏನೂ ಉಳಿಯುವುದಿಲ್ಲ.

ಕ್ಲೀನರನನ್ನು ಬಿಡಿಸಿದ ದಿನವೇ ಆತನ ಬದಿಯ ಕನ್ನಡಿಯನ್ನೂ ಬದಲಿಸಬೇಕಿತ್ತು ಎಂಬುದು ನನ್ನ ವಾದ. ಕನ್ನಡಿ ದೊಡ್ಡದಾಗಬೇಕಿತ್ತು, ಇನ್ನಷ್ಟು ಹೊರಗೆ ಚಾಚಬೇಕಿತ್ತು. ಆಗಿದ್ದು ಉಲ್ಟಾ. ಆತ ಹೋದ, ಕನ್ನಡಿ ಒಡೆಯಿತು, ಸಂಬಳವೂ ಉಳಿಯಿತು, ಕನ್ನಡಿಯ ದುಡ್ಡೂ ಉಳಿಯಿತು.

ಕಾಕಾ ಇಂಡಿ ತಾಲ್ಲೂಕಿನವರು. ಹಳೆಯ ಟಾಟಾ 207ರಲ್ಲಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಹೋಟೆಲುಗಳಿಗೆ ತರಕಾರಿ ಸಾಗಿಸುತ್ತಾರೆ. ಕ್ರೇಟುಗಳು ಕ್ಯಾಬಿನ್ನಿಗಿಂತ ಎತ್ತರಕ್ಕೇರಿ, ಮೇಲೆ ತಾಡಪತ್ರಿ ಬಿಗಿದ ಮೇಲೆ ಒಳಗಿನ ಕನ್ನಡಿಯಲ್ಲಿ ಟೊಮೆಟೊ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೊರಗಿನ ಎರಡೇ ಗತಿ. ಅದರಲ್ಲಿ ಎಡಗಡೆಯದು ಯಾರದೋ ಬೈಕಿಗೆ ತಗುಲಿ ಗಾಜು ಉದುರಿ, ಕರಿ ಪ್ಲಾಸ್ಟಿಕ್ಕಿನ ಚಿಪ್ಪಷ್ಟೇ ಉಳಿದಿತ್ತು. ಹಾಗೇ ಎಂಟು ತಿಂಗಳು ಓಡಿಸಿದರು. ಹೋದ ಮಳೆಗಾಲದ ಒಂದು ಬೆಳಗ್ಗೆ ಎಡಕ್ಕೆ ತಿರುಗುವಾಗ ಬಾಡಿಯ ಮೂಲೆ ಒಂದು ಸ್ಕೂಟರಿನ ಹ್ಯಾಂಡಲಿಗೆ ತಾಗಿತು. ಓಡಿಸುತ್ತಿದ್ದ ಹೆಂಗಸು ಫುಟ್‌ಪಾತಿನ ಕಡೆ ಬಿದ್ದರು, ಮೊಣಕೈ ತರಚಿತು, ಅಷ್ಟೇ. ಈ ಕಡೆ ಬಿದ್ದಿದ್ದರೆ ಹಿಂದಿನ ಗಾಲಿಯ ಕೆಳಗೆ ಹೋಗುತ್ತಿದ್ದರು. ‘ಖರೇನ ಹೇಳ್ತೀನಿ ನೋಡವಾ, ಆಕಿ ನನಗ ಕಾಣ್ಲೇ ಇಲ್ಲ’ ಎಂದು ಕಾಕಾ ಅವತ್ತು ನಾಲ್ಕೈದು ಸಲ ಹೇಳಿದರು. ಅವರು ಹೇಳಿದ್ದು ನಿಜ. ಕಾಣದ ಗಾಡಿಯನ್ನು ಎಂಟು ತಿಂಗಳು ಓಡಿಸಿದ್ದೂ ನಿಜ. ಮನೆಯವರಾದ ನಾವೂ ಆ ಚಿಪ್ಪನ್ನು ದಿನಾ ನೋಡುತ್ತಿದ್ದೆವು, ಯಾರೂ ಕೇಳಲಿಲ್ಲ.

ನಮ್ಮ ರಸ್ತೆಗಳಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾನೆ. ಆ ಕಡೆ ಬೇಕಾದರೆ ಕತ್ತು ಹೊರಹಾಕಿ ನೋಡಬಹುದು. ಸ್ಕೂಟರು, ಸೈಕಲ್ಲು ನುಗ್ಗುವುದು ಎಡದ ಸಂದಿಯಲ್ಲಿ. ಅಲ್ಲಿ ಕನ್ನಡಿ ಬಿಟ್ಟರೆ ಬೇರೆ ಕಣ್ಣಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ಅಗ್ಗದ ಕಾರುಗಳು ಎಡಗಡೆ ಕನ್ನಡಿಯೇ ಇಲ್ಲದೆ ಮಾರಾಟವಾದವು. ಅದೊಂದು ಐಷಾರಾಮ ಎಂಬ ಭಾವನೆ ನಮ್ಮ ತಲೆಗೆ ಆಗಲೇ ಹೊಕ್ಕಿರಬೇಕು.

ಹಾಕಿಸುವವರು ಮೊದಲು ಗಾಜು ನೋಡಿ. ಸಪಾಟು ಗಾಜು ದೂರವನ್ನು ಸರಿಯಾಗಿ ತೋರಿಸುತ್ತದೆ, ಆದರೆ ತೋರಿಸುವುದು ಸಣ್ಣ ಪಟ್ಟಿಯಷ್ಟು. ಎಡಕ್ಕೆ ಉಬ್ಬುಗಾಜೇ ಸರಿ, ಅದು ಪಕ್ಕದ ಸಾಲನ್ನೂ ಗಾಲಿಯ ಬದಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ತೀರಾ ಉಬ್ಬಿದ್ದೂ ಬೇಡ, ಅದರಲ್ಲಿ ಸ್ಕೂಟರು ನೊಣದಷ್ಟಾಗುತ್ತದೆ. ಅಂಟಿಸುವ ಸಣ್ಣ ದುಂಡು ಕನ್ನಡಿಯನ್ನು ದೊಡ್ಡದರ ಹೊರಗಿನ ಕೆಳಮೂಲೆಯಲ್ಲಿ ಇಟ್ಟರೆ ಉಪಯೋಗವಿದೆ. ಅದನ್ನೇ ಪೂರ್ತಿ ಕನ್ನಡಿಯ ಬದಲಿಗೆ ನೆಚ್ಚಿಕೊಳ್ಳಬಾರದು. ಇನ್ನು ತೋಳು ಲೋಡಿನ ಅಗಲ ದಾಟಿ ಹೊರಗೆ ಬರಬೇಕು. ಉಬ್ಬಿದ ತಾಡಪತ್ರಿಯೇ ಅರ್ಧ ಕನ್ನಡಿ ತುಂಬಿದರೆ ಏನು ಬಂತು?

ಹಳೆಯ ಗಾಡಿಯಲ್ಲಿ ಅಸಲು ಕೆಲಸವಿರುವುದು ತಗಡಿನಲ್ಲಿ. ಬಾಗಿಲಿನ ತಗಡು ಮೊದಲೇ ತೆಳು, ಜತೆಗೆ ತುಕ್ಕು, ಬೋಲ್ಟಿನ ತೂತುಗಳು ಸವೆದು ಮೊಟ್ಟೆಯಾಕಾರವಾಗಿರುತ್ತವೆ. ಅದಕ್ಕೇ ಭಾರದ ಕನ್ನಡಿ ಕೂರಿಸಿದರೆ ಗಾಳಿಗೂ ಗುಂಡಿಗೂ ಥರಥರ ನಡುಗುತ್ತದೆ. ನಡುಗುವ ಕನ್ನಡಿಯಲ್ಲಿ ಏನೋ ಕಂಡಂತಾಗುತ್ತದೆ, ಏನೂ ಕಾಣುವುದಿಲ್ಲ. ಬಾಗಿಲಿನ ಒಳಗಡೆಯಿಂದ ಒಂದು ಲೋಹದ ಪಟ್ಟಿ ಕೊಟ್ಟು, ರಬ್ಬರ್ ಪ್ಯಾಕಿಂಗ್ ಇಟ್ಟು, ಸಡಿಲಾಗದ ನೈಲಾನ್ ನಟ್ಟಿನಿಂದ ಬಿಗಿಸಬೇಕು. ತೋಳಿಗೆ ಮೇಲೊಂದು ಕೆಳಗೊಂದು ಎರಡು ಆಧಾರ ಇದ್ದರೆ ಉತ್ತಮ. ತಾಗಿದರೆ ಮಡಚಿಕೊಳ್ಳುವಂಥದ್ದೇ ಇರಲಿ. ಪೇಠೆಯ ಓಣಿಗಳಲ್ಲಿ ಮಡಚದ ಕಬ್ಬಿಣದ ತೋಳು ನಡೆಯುವವರ ಭುಜಕ್ಕೆ ಬಡಿಯುತ್ತದೆ. ಗಾರೇಜಿನವನು ಇದಕ್ಕೆಲ್ಲ ಒಂದು ಗಂಟೆ ಜಾಸ್ತಿ ತೆಗೆದುಕೊಂಡ, ಗೊಣಗಿದ. ಗೊಣಗಲಿ. ಕ್ರೋಮಿನ ಹೊಳೆಯುವ ಕನ್ನಡಿ ತೋರಿಸಿ, ಇದು ಗಾಡಿಗೆ ‘ಲುಕ್’ ಕೊಡುತ್ತದೆ ಎಂದ. ನಮಗೆ ಬೇಕಿದ್ದದ್ದು ಹಿಂದಿನ ಗಾಲಿ.

ಉಬ್ಬುಗಾಜಿನ ಮೇಲೆ ಒಂದು ಇಂಗ್ಲಿಷ್ ವಾಕ್ಯ ಅಚ್ಚಾಗಿತ್ತು. ಅಮೆರಿಕದಲ್ಲಿ ಕಾರಿನ ಪ್ರಯಾಣಿಕರ ಬದಿಗೆ ಉಬ್ಬುಗನ್ನಡಿ ಹಾಕಿದರೆ ಆ ವಾಕ್ಯ ಇರಲೇಬೇಕೆಂಬ ನಿಯಮವಿದೆ. ಅಲ್ಲಿಂದ ನಮ್ಮ ಬಜಾರಿಗೂ ಬಂದಿದೆ. ಕಾಕಾರಿಗೆ ಇಂಗ್ಲಿಷ್ ಬಾರದು. ‘ಕನ್ನಡಿಯಲ್ಲಿರುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ’ ಎಂದು ಹೇಳಿದೆ. ಅವರು ಗಾಜನ್ನೂ ನನ್ನನ್ನೂ ನೋಡಿದರು. ನಾನು ಹಿಂದೆ ಹೋಗಿ ನಿಂತು ಕೈ ಬೀಸಿದೆ, ಮುಂದೆ ಬಂದೆ, ಮತ್ತೆ ಹಿಂದೆ ಹೋದೆ. ‘ಅಂದ್ರ ಸಣ್ಣದ್ ಕಂಡ್ರ ದೂರ ಅದ ಅಂತ ತಿಳಿಬ್ಯಾಡ ಅಂತಿ, ಹೌದಿಲ್ಲೋ?’ ಎಂದರು. ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ನನ್ನ ಅನುವಾದಕ್ಕಿಂತ ಇದು ಚೆನ್ನಾಗಿದೆ. ಎಚ್ಚರಿಕೆ ಬೇಕಾದವನಿಗೇ ಓದಲು ಬಾರದ ಭಾಷೆಯಲ್ಲಿ ಅದನ್ನು ಅಚ್ಚು ಹಾಕುವುದು ನಮಗೆ ಎಷ್ಟು ರೂಢಿಯಾಗಿದೆ ನೋಡಿ! ಮರಾಠಿಯಲ್ಲೋ ಹಿಂದಿಯಲ್ಲೋ ಅಚ್ಚು ಹಾಕಿದ ಗಾಜನ್ನು ನಾನಂತೂ ಕಂಡಿಲ್ಲ.

ಗಾಡಿಯ ಹಿಂದೆ ಬರೆಯುವುದು ಮಾತ್ರ ಬೇಕಾದಷ್ಟಿದೆ. ‘ಹಾರ್ನ್ ಓಕೆ ಪ್ಲೀಸ್’ ಎಂದರೆ ಏನು? ನನಗೆ ನೀನು ಕಾಣುವುದಿಲ್ಲ, ಕಿವಿಗಾದರೂ ಬೀಳು ಎಂದೇ ಅಲ್ಲವೇ? ಕನ್ನಡಿಯ ಕೆಲಸವನ್ನು ಹಾರ್ನಿಗೆ ವಹಿಸಿದ್ದು. ಮಹಾರಾಷ್ಟ್ರದಲ್ಲಿ 2015ರಲ್ಲಿ ಅದನ್ನು ಬರೆಯಬಾರದೆಂದು ಆದೇಶವಾಯಿತು, ಗದ್ದಲ ಹೆಚ್ಚುತ್ತದೆ ಎಂಬ ಕಾರಣಕ್ಕೆ. ಆ ಆದೇಶದ ಜತೆ ಎಡಗಡೆಯ ಕನ್ನಡಿಯನ್ನೂ ಗಟ್ಟಿಯಾಗಿ ಕೇಳಬಹುದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಚಿಪ್ಪನ್ನು ಯಾರೂ ತಡೆಯುವುದಿಲ್ಲ. ಮನೆ ಬದಲಿಸುವಾಗ, ಫ್ರಿಜ್ಜು ತರಿಸುವಾಗ ಪಿಕಪ್ ಕರೆಯುವ ನಾವಾದರೂ ಬಾಡಿಗೆ ಚೌಕಾಸಿ ಮಾಡುವ ಮೊದಲು ಆ ಬದಿಗೊಮ್ಮೆ ಹೋಗಿ ನೋಡಬಹುದು.

ಒಂದು ತೊಂದರೆ ಮಾತ್ರ ಉಳಿದಿದೆ. ಡ್ರೈವರ್ ಸೀಟಿನಲ್ಲಿ ಕೂತವರ ಕೈ ಆ ಕನ್ನಡಿಗೆ ಎಟುಕುವುದಿಲ್ಲ. ಓಣಿಯಲ್ಲಿ ರಾತ್ರಿ ನಿಲ್ಲಿಸಿದ್ದನ್ನು ಯಾರಾದರೂ ಮಡಚಿ ಹೋಗಿರುತ್ತಾರೆ. ಹಾಗಾಗಿ ನಸುಕಿನಲ್ಲಿ ಯಾರ್ಡಿನ ಗೇಟಿನ ಹತ್ತಿರ ಚಹಾದ ಗಾಡಿಯವರು ಬಂದು ಕನ್ನಡಿ ತಿರುಗಿಸುತ್ತಾರೆ, ಕಾಕಾ ಒಳಗೆ ಕೂತು ‘ಇನ್ನ ಸ್ವಲ್ಪ ಕೆಳಗ, ಬಸ್, ಬಸ್’ ಎನ್ನುತ್ತಾರೆ.