ಎರಡು ರಸೀದಿ, ಒಂದೇ ಕಂದಕ

ಕಳೆದ ಆಷಾಢದ ಒಂದು ಮಧ್ಯಾಹ್ನ ಅಂಚೆ ಕಚೇರಿಯಿಂದ ಹಿಂದಿರುಗುತ್ತಿದ್ದಾಗ ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ ಕೊಡೆಗಳ ಉದ್ದನೆಯ ಸಾಲನ್ನು ಕಂಡೆ. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಬೆಳಗಿನಿಂದ ಕೆಲಸ ಮಾಡುತ್ತಿರಲಿಲ್ಲ. ಗುಡ್ಡದಾಚೆಯಿಂದ ಎರಡು ಹಳ್ಳ ದಾಟಿ ನಡೆದು ಬಂದಿದ್ದ ವೃದ್ಧೆಯೊಬ್ಬಳು ಬರಿಯ ಚೀಲವನ್ನು ಮಡಿಚಿಕೊಂಡು ಹೊರಟಳು. "ನೆಟ್ ಇಲ್ಲ, ನಾಳೆ ಬಾರಮ್ಮ" ಎಂಬುದಷ್ಟೇ ಅವಳಿಗೆ ದೊರೆತ ಉತ್ತರ. ಮೊಬೈಲ್ ಸಿಗ್ನಲ್ ನಮ್ಮ ಕಣಿವೆಯಲ್ಲಿ ಎಂದೂ ನೆಚ್ಚುವಂಥದ್ದಲ್ಲ. ಪಡಿತರದ ಅಂಗಡಿ, ಸಹಕಾರ ಸಂಘ, ಔಷಧಿ ಅಂಗಡಿ, ಮನೆಯಿಂದಲೇ ಉದ್ಯೋಗ ಮಾಡುವ ಹುಡುಗರು, ಎಲ್ಲರೂ ಆಶ್ರಯಿಸಿರುವುದು ಊರಿನ ಒಬ್ಬ ಸಣ್ಣ ಅಂತರ್ಜಾಲ ಪೂರೈಕೆದಾರನನ್ನು. ಅವನು ನನ್ನ ಹಳೆಯ ವಿದ್ಯಾರ್ಥಿ. ಅವನ ಒಪ್ಪಿಗೆ ಪಡೆದೇ, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇನೆ.

ಸಂಜೆ ಅವನನ್ನು ವಿಚಾರಿಸಿದೆ. "ಸಾರ್, ಎರಡು ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡಿದ್ದೇನೆ. ಎರಡೂ ಒಟ್ಟಿಗೆ ಹೋದರೆ ನಾನೇನು ಮಾಡಲಿ? ದೇವರಿಚ್ಛೆ" ಎಂದು ಎರಡು ರಸೀದಿಗಳನ್ನೂ ಮುಂದಿಟ್ಟ. ನಡೆದದ್ದಿಷ್ಟು: ಹೆದ್ದಾರಿಯಿಂದ ನಮ್ಮೂರಿಗೆ ಬರುವ ರಸ್ತೆಯ ಅಗಲೀಕರಣಕ್ಕೆ ಜೆಸಿಬಿಯೊಂದು ಮಣ್ಣು ಬಗೆದಿತ್ತು. ಎರಡೂ ಕಂಪನಿಗಳ ಫೈಬರ್ ಒಂದೇ ಕಂದಕದಲ್ಲಿ ಅಕ್ಕಪಕ್ಕ ಮಲಗಿದ್ದವು. ಒಂದೇ ಏಟಿಗೆ ಎರಡೂ ತುಂಡಾದವು. ಇದರಲ್ಲಿ ದೇವರ ಇಚ್ಛೆಯನ್ನು ನಾನು ಕಾಣಲಾರೆ. ಒಂದೇ ಹಳ್ಳಕ್ಕೆ ಮಾರು ಅಂತರದಲ್ಲಿ ಎರಡು ಕಾಲುಸಂಕ ಹಾಕಿ, ನೆರೆ ಎರಡನ್ನೂ ಕೊಚ್ಚಿಕೊಂಡು ಹೋದಾಗ ಹಣೆ ಬಡಿದುಕೊಳ್ಳುವವನನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೋ, ಅದನ್ನೇ ಅಂದು ನಾನೂ ಅವನಿಗೆ ಹೇಳಿದೆ.

ಹೀಗೆ ಮೋಸಹೋದವನು ನಮ್ಮ ಹುಡುಗನೊಬ್ಬನೇ ಅಲ್ಲ. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದ ಹೊವಾರ್ಡ್ ಸ್ಟ್ರೀಟ್ ಸುರಂಗದಲ್ಲಿ ಸರಕು ರೈಲೊಂದು ಹಳಿತಪ್ಪಿ ಹೊತ್ತಿಕೊಂಡಾಗ, ಅದೇ ಸುರಂಗದಲ್ಲಿ ಫೈಬರ್ ಹಾಯಿಸಿದ್ದ ಹಲವು ಕಂಪನಿಗಳ ಸಂಪರ್ಕ ಒಟ್ಟಿಗೇ ಕೆಟ್ಟಿತು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸೀ-ಮಿ-ವಿ 4 ಮತ್ತು ಫ್ಲ್ಯಾಗ್ ಎಂಬ ಎರಡು ಸಮುದ್ರ ಕೇಬಲ್‌ಗಳು ತುಂಡಾಗಿ ಭಾರತದ ಅಂತರ್ಜಾಲ ಕುಂಟಿದ್ದು ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪೂರ್ವಕ್ಕೆ, ಪೆಸಿಫಿಕ್ ಸಾಗರದ ಕಡೆಗೆ ದಾರಿಯುಳ್ಳವರು ಅತ್ತ ತಿರುಗಿ ಚೇತರಿಸಿಕೊಂಡರು. ಹೆಸರು ಎರಡಿದ್ದರೆ ಸಾಲದು. ನೆಲದ ಮೇಲೆ, ನೆಲದ ಕೆಳಗೆ ದಾರಿಯೂ ಎರಡಿರಬೇಕು. ಆದ್ದರಿಂದ ಎರಡನೆಯ ಸಂಪರ್ಕ ಕೊಳ್ಳುವವನು ದರಪಟ್ಟಿಗಿಂತ ಮೊದಲು ಕೇಳಬೇಕಾದದ್ದು ಮಾರ್ಗದ ನಕ್ಷೆಯನ್ನು. ಕೊಡಲೊಪ್ಪದ ಕಂಪನಿಯ ಲೈನನ್ನು ಎರಡನೆಯದೆಂದು ಎಣಿಸಬಾರದು.

ದಾರಿ ಬೇರೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜಾಲದ ಉದ್ಯೋಗದಲ್ಲಿರುವ ನಿಮ್ಮಲ್ಲಿ ಮೂವರನ್ನು ಫೋನಿನಲ್ಲಿ ಪೀಡಿಸಿ ನಾನು ಕಲಿತದ್ದನ್ನು ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಹುಡುಗ ಗ್ರಾಹಕರಿಗೆ ಹಂಚುತ್ತಿದ್ದ ಐಪಿ ವಿಳಾಸಗಳು ಮೊದಲನೆಯ ಕಂಪನಿಯವು. ಆ ಲೈನ್ ಹೋದರೆ ಪತ್ರವನ್ನು ಎರಡನೆಯ ದಾರಿಯಲ್ಲಿ ಕಳುಹಿಸಿದರೂ ಉತ್ತರ ಬರುವುದು ಹಳೆಯ ವಿಳಾಸಕ್ಕೇ. ಇದಕ್ಕೆ ಸರಿಯಾದ ಪರಿಹಾರವೆಂದರೆ ಸ್ವಂತ ವಿಳಾಸಗಳನ್ನೂ ಸ್ವಂತ ಎಎಸ್ ಸಂಖ್ಯೆಯನ್ನೂ ಪಡೆದು, ಬಿಜಿಪಿ ಎಂಬ ವಿಧಾನದಿಂದ ಎರಡೂ ಕಂಪನಿಗಳ ಮೂಲಕ "ನಾನು ಇಲ್ಲಿದ್ದೇನೆ" ಎಂದು ಲೋಕಕ್ಕೆ ಸಾರುವುದು. ಹಳೆಯ ಮಾದರಿಯ ವಿಳಾಸಗಳಲ್ಲಿ 256ಕ್ಕಿಂತ ಚಿಕ್ಕ ಗುಂಪನ್ನು ಲೋಕದ ಜಾಲಗಳು ಸಾಮಾನ್ಯವಾಗಿ ಮನ್ನಿಸುವುದಿಲ್ಲ. ಸಣ್ಣವನಿಗೆ ಆ ಒಂದು ಗುಂಪು ಸಾಕು. ಬಿಜಿಪಿಯಲ್ಲಿ ಆಚೆಯವನು ಸತ್ತನೆಂದು ತಿಳಿಯಲು ಪ್ರಮಾಣಪತ್ರ ಸೂಚಿಸುವ ಅವಧಿ 90 ಸೆಕೆಂಡು. ಕೈಯಿಂದ ಬರೆದಿಟ್ಟ ಸ್ಥಿರ ಮಾರ್ಗಕ್ಕಾದರೋ ದೂರದಲ್ಲಿ ಆದ ಸಾವು ತಿಳಿಯುವುದೇ ಇಲ್ಲ; ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ಒಂದು ಎಚ್ಚರಿಕೆಯೂ ಅಗತ್ಯ. ಒಂದು ಕಂಪನಿಯಿಂದ ಕೇಳಿದ ದಾರಿಗಳನ್ನು ಇನ್ನೊಂದಕ್ಕೆ ಹೇಳಕೂಡದು. 2019ರ ಜೂನ್ 24ರಂದು ಪೆನ್ಸಿಲ್ವೇನಿಯಾದ ಒಂದು ಲೋಹೋದ್ಯಮ ತನ್ನ ಎರಡು ಸಂಪರ್ಕಗಳ ನಡುವೆ ಹೀಗೆ ದಾರಿಗಳನ್ನು ಸೋರಲು ಬಿಟ್ಟು, ಅಂತರ್ಜಾಲದ ಒಂದು ದೊಡ್ಡ ಭಾಗವೇ ಆ ಪುಟ್ಟ ಜಾಲದೊಳಗೆ ನುಗ್ಗಿ ಸಿಕ್ಕಿಬಿದ್ದಿತು. ಸೋರಿದ್ದನ್ನು ಸೋಸದೆ ಮುಂದಕ್ಕೆ ಕಳುಹಿಸಿದ ದೊಡ್ಡ ಕಂಪನಿಯ ತಪ್ಪೂ ಅದರಲ್ಲಿತ್ತು ಎಂಬುದು ಬೇರೆ ಮಾತು.

ಕಂದಕವನ್ನು ಸರಿಪಡಿಸಿದ ಮೇಲೆ, ಕಾರ್ತಿಕದ ಒಂದು ಭಾನುವಾರ ರಾತ್ರಿ ಎಂಟು ಗಂಟೆಗೆ ಗ್ರಾಹಕರಿಗೆ ಮುಂಚಿತವಾಗಿ ತಿಳಿಸಿ ಮೊದಲ ಲೈನನ್ನು ಕೀಳುವಂತೆ ಅವನಿಗೆ ಹೇಳಿದೆ. ಅವನು ಹೆದರುತ್ತ ಕಿತ್ತ. ಎರಡು ಲೈನ್‌ಗಳೂ ಆ ಹೊತ್ತಿಗೆ ಮುಕ್ಕಾಲು ಪಾಲು ತುಂಬಿದ್ದವು; ಒಂದರ ಹೊರೆ ಇನ್ನೊಂದರ ಮೇಲೆ ಬಿದ್ದೊಡನೆ ಇಡೀ ಊರು ಕುಸಿಯಿತು. ಒಂದು ಕೊಡದಲ್ಲಿ ಒಂದೂವರೆ ಕೊಡ ನೀರು ಹಿಡಿಯದೆಂಬ ಲೆಕ್ಕವನ್ನು ನಾನು ಅವನಿಗೆ ಐದನೆಯ ತರಗತಿಯಲ್ಲೇ ಹೇಳಿಕೊಟ್ಟಿದ್ದೆ. ಬಳಿಕ ವಿದ್ಯುತ್ತನ್ನೂ ತೆಗೆಸಿದೆ. ಎರಡೂ ಲೈನ್‌ಗಳ ಪೆಟ್ಟಿಗೆಗಳು ಒಂದೇ ಇನ್ವರ್ಟರಿಗೆ ಜೋಡಿಸಲ್ಪಟ್ಟಿದ್ದವು. ಅದರ ಬ್ಯಾಟರಿ ಹನ್ನೊಂದು ನಿಮಿಷ ಬದುಕಿತು. ಪರೀಕ್ಷೆಯಿಲ್ಲದ ಪಾಠ ಎಷ್ಟು ಕಲಿತಂತೆ ಎಂಬುದನ್ನು ಉಪಾಧ್ಯಾಯನಾದ ನಾನು ವಿವರಿಸಬೇಕಿಲ್ಲ.

"ಸಾರ್, ಇಷ್ಟೆಲ್ಲ ದೊಡ್ಡವರಿಗೆ ಸಾಧ್ಯ. ನಾನು ತಿಂಗಳಿಗೆ ಕೆಲವು ನೂರು ರೂಪಾಯಿ ಕೊಡುವ ಗ್ರಾಹಕರನ್ನು ನಂಬಿ ಬದುಕುವವನು" ಎಂಬುದು ಅವನ ಅಳಲು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವನು ಈಗಾಗಲೇ ಎರಡನೆಯ ಲೈನಿಗೆ ದುಡ್ಡು ಸುರಿಯುತ್ತಿದ್ದಾನೆ. ಪಡೆಯುತ್ತಿರುವುದು ರಸೀದಿ ಮಾತ್ರ. ಅದೇ ಹಣದಲ್ಲಿ ಪಕ್ಕದ ತಾಲ್ಲೂಕಿನ ಸಣ್ಣ ಪೂರೈಕೆದಾರನೊಡನೆ, ಆಪತ್ತಿನಲ್ಲಿ ನಿನಗೆ ನಾನು ನನಗೆ ನೀನು ಎಂಬ ಒಪ್ಪಂದ ಮಾಡಿಕೊಳ್ಳಬಹುದು. ಅವನ ಫೈಬರ್ ಬರುವುದು ಬೇರೆ ಘಟ್ಟದ ದಾರಿಯಿಂದ. ನಡುವಿನ ಗುಡ್ಡದ ನೆತ್ತಿಯಲ್ಲಿ ರೇಡಿಯೋ ಕೊಂಡಿ ಹಾಕಿದರೆ ಕಂದಕದ ಗೊಡವೆಯೇ ಇಲ್ಲ. 5 ಗಿಗಾಹರ್ಟ್ಸ್ ಸುಮಾರಿನ ಅಲೆಗಳಿಗೆ ಮಳೆಯ ಕಾಟ ಕಡಿಮೆ. ಎದುರುಬದುರು ನೇರ ನೋಟ ಮಾತ್ರ ಬೇಕು, ಮರದ ಕೊಂಬೆ ಅಡ್ಡ ಬರಬಾರದು. ಆ ಕೊಂಡಿ ಇಡೀ ಊರಿನ ಸಿನಿಮಾ ಹೊರಬೇಕಾಗಿಲ್ಲ. ಪಡಿತರ, ಔಷಧಿ, ಸಂಘದ ಹಣಕಾಸು, ಉದ್ಯೋಗದ ಕರೆಗಳು ಇಷ್ಟು ಹೊತ್ತರೆ ಸಾಕು. ಮದುವೆಮನೆಯಲ್ಲಿ ಅಡುಗೆ ಕಡಿಮೆ ಬಿದ್ದಾಗ ಮೊದಲು ಮಕ್ಕಳಿಗೆ ಬಡಿಸುವುದಿಲ್ಲವೆ?

ಇದೂ ಆಗದಿದ್ದರೆ ಅಂಗಡಿಯ ಫಲಕದಿಂದ "24 ಗಂಟೆ ನಿರಂತರ ಸೇವೆ" ಎಂಬ ಸಾಲನ್ನು ಅಳಿಸಲಿ. ಒಂದೇ ದಾರಿಯಿದೆ ಎಂದು ತಿಳಿದ ಜನ ತಮ್ಮ ವ್ಯವಸ್ಥೆಯನ್ನು ತಾವು ನೋಡಿಕೊಳ್ಳುತ್ತಾರೆ. ಎರಡಿದೆ ಎಂದು ನಂಬಿಸಿ ಒಂದನ್ನೇ ಕೊಡುವುದು ಬಡತನವಲ್ಲ, ವಂಚನೆ. ಅದನ್ನು ಅರಿಯದೆ ಮಾಡಿದರೂ ಬರಿಯ ಚೀಲ ಹೊತ್ತು ಹಿಂದಿರುಗುವ ವೃದ್ಧೆಗೆ ವ್ಯತ್ಯಾಸವೇನಿಲ್ಲ.

ಹುಡುಗ ಕೋಪಿಸಿಕೊಳ್ಳಲಿಲ್ಲ. ಫಲಕದ ಸಾಲನ್ನು ಅಳಿಸಿದ್ದಾನೆ. ಇನ್ವರ್ಟರನ್ನು ಬೇರ್ಪಡಿಸಿದ್ದಾನೆ. ಪಕ್ಕದ ತಾಲ್ಲೂಕಿನವನೊಡನೆ ಮಾತುಕತೆ ನಡೆದಿದೆ. ಎಎಸ್ ಸಂಖ್ಯೆಯ ಅರ್ಜಿ ಮತ್ತು ಬಿಜಿಪಿಯ ಜೋಡಣೆ ಅವನೊಬ್ಬನಿಂದ ಆಗುವಂಥದ್ದಲ್ಲ. ಈ ವಿದ್ಯೆ ಬಲ್ಲ ನನ್ನ ಶಿಷ್ಯರಲ್ಲಿ ಯಾರಾದರೂ ಯುಗಾದಿಗೆ ಊರಿಗೆ ಬರುವುದಾದರೆ ಎರಡು ದಿನ ಹೆಚ್ಚಿಗೆ ರಜೆ ಹಾಕಿ ಬನ್ನಿ. ಊಟ, ವಸತಿ ನಮ್ಮ ಮನೆಯಲ್ಲಿ. ಮುಂದಿನ ಆಷಾಢಕ್ಕೆ ಮುನ್ನ ಮತ್ತೊಮ್ಮೆ ಲೈನ್ ಕೀಳಿಸಿ ನೋಡುವುದಾಗಿ ಅವನಿಗೆ ಹೇಳಿಟ್ಟಿದ್ದೇನೆ.